42 ಸೆಕೆಂಡಿನ ಫೋನು

ಒಂದು ಕಚೇರಿಯಲ್ಲಿ ನಿಜವಾಗಿ ಯಾರ ಮಾತು ನಡೆಯುತ್ತದೆ ಎಂಬುದು ಬಾಗಿಲ ಮೇಲಿನ ಬೋರ್ಡು ಓದಿದರೆ ತಿಳಿಯುವುದಿಲ್ಲ. ಜಟಾಪಟಿ ಆದಾಗ ಯಾರು ಗಂಟುಮೂಟೆ ಕಟ್ಟುತ್ತಾರೆ ನೋಡಿ, ತಿಳಿಯುತ್ತದೆ.

2016ರ ಜನವರಿಯಲ್ಲಿ ಪಕ್ಕದ ಕೂಡ್ಲಿಗಿಯಲ್ಲಿ ಆದದ್ದು ಅದೇ. ಆಗ ಹಡಗಲಿ, ಕೂಡ್ಲಿಗಿ ಎರಡೂ ಬಳ್ಳಾರಿ ಜಿಲ್ಲೆಯವು. ನಮ್ಮ ಹಡಗಲಿ ಶಾಸಕ ಪಿ.ಟಿ. ಪರಮೇಶ್ವರ ನಾಯ್ಕ ಕಾರ್ಮಿಕ ಸಚಿವರು, ಜಿಲ್ಲಾ ಉಸ್ತುವಾರಿಯೂ ಅವರದೇ. ಕೂಡ್ಲಿಗಿ ಡಿವೈಎಸ್ಪಿ ಅನುಪಮಾ ಶೆಣೈ ಅವರಿಗೆ ದಿಢೀರನೆ ವಿಜಯಪುರ ಜಿಲ್ಲೆಯ ಇಂಡಿಗೆ ವರ್ಗವಾಯಿತು. ತಮ್ಮ ಫೋನನ್ನು 42 ಸೆಕೆಂಡು ಹೋಲ್ಡ್‌ನಲ್ಲಿ ಇಟ್ಟದ್ದಕ್ಕೆ ವರ್ಗ ಮಾಡಿಸಿದೆ ಎಂದು ಸಚಿವರು ಹೇಳಿಕೊಂಡ ವಿಡಿಯೋ ಟಿ.ವಿ.ಯಲ್ಲಿ ಬಂತು. ಮೇಲಧಿಕಾರಿಯ ಕರೆ ಬಂದದ್ದರಿಂದ ಹಾಗೆ ಮಾಡಿದರೆಂದೂ ವರದಿಯಾಯಿತು.

ಇಲ್ಲಿದೆ ನೋಡಿ ಗಂಟು. ಪೊಲೀಸ್ ಇಲಾಖೆಯ ಏಣಿಯಲ್ಲಿ ಡಿವೈಎಸ್ಪಿ ಮೇಲೆ ಎಸ್ಪಿ ಇರುತ್ತಾರೆ. ಕಾರ್ಮಿಕ ಸಚಿವರು ಆ ಏಣಿಯಲ್ಲೇ ಇಲ್ಲ. ಡಿವೈಎಸ್ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆಯನ್ನು ಹಿರಿಯ ಪೊಲೀಸ್ ಅಧಿಕಾರಿಗಳ ಮಂಡಳಿಯೇ ತೀರ್ಮಾನಿಸಬೇಕು, ಸರ್ಕಾರ ಕೈ ಹಾಕುವುದಾದರೆ ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಆದರೂ ಆಳುವವರಿಗೆ ವರ್ಗಾವಣೆಯೇ ಪ್ರೀತಿಯ ಆಯುಧ. ಶಿಸ್ತು ಕ್ರಮ ಅಂದರೆ ಆರೋಪ ಬೇಕು, ವಿಚಾರಣೆ ಬೇಕು. ವರ್ಗಕ್ಕೆ ಅದ್ಯಾವುದರ ಉಸಾಬರಿಯಿಲ್ಲ. ಕಾಗದದ ಮೇಲೆ ಅದು ಶಿಕ್ಷೆಯೇ ಅಲ್ಲವಲ್ಲ!

ಜನ ಬೀದಿಗಿಳಿದರು, ಆದೇಶ ರದ್ದಾಯಿತು, ಶೆಣೈ ಕೂಡ್ಲಿಗಿಗೆ ವಾಪಸು ಬಂದರು. ಆದರೆ ಜೂನ್ 4ರಂದು ಅವರೇ ರಾಜೀನಾಮೆ ಬರೆದುಕೊಟ್ಟರು. ಅದೇ ತಿಂಗಳ ಸಂಪುಟ ಪುನಾರಚನೆಯಲ್ಲಿ ನಾಯ್ಕರ ಮಂತ್ರಿಗಿರಿಯೂ ಹೋಯಿತು. ಕುರ್ಚಿ ಇಬ್ಬರದೂ ಹೋಯಿತು, ಠಾಣೆ ಮಾತ್ರ ಅಲ್ಲೇ ಉಳಿಯಿತು.

ಇದರಿಂದ ನಮಗೇನ್ರೀ ಅಂತ ಅಂಗಡಿಯವರು ಕೇಳಬಹುದು. ಒಬ್ಬರನ್ನು ವರ್ಗ ಮಾಡಿದರೆ ನೂರು ಜನ ಪಾಠ ಕಲಿಯುತ್ತಾರೆ: ದೊಡ್ಡವರ ಫೋನು ಮೊದಲು, ಕಾನೂನು ಆಮೇಲೆ. ರಾತ್ರಿ ಅಂಗಡಿ ಬೀಗ ಒಡೆದರು ಅಂತ ದೂರು ಹಿಡಿದು ಹೋದವನು ಠಾಣೆಯ ಬೆಂಚಿನ ಮೇಲೆ ಕೂತೇ ಇರುತ್ತಾನೆ. ಅವನನ್ನು ಹೋಲ್ಡ್‌ನಲ್ಲಿ ಇಟ್ಟರೆ 42 ಸೆಕೆಂಡಲ್ಲ, ದಿನಗಟ್ಟಲೆ. ಅದಕ್ಕೆ ಯಾರಿಗೂ ವರ್ಗ ಆಗುವುದಿಲ್ಲ.