ಕೊಪ್ಪಳ ಜಿಲ್ಲೆಯ ಜನನ ಮತ್ತು ಭೂ ದಾಖಲೆಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಜನನ ಮತ್ತು ಭೂ ದಾಖಲೆಗಳು ಒಂದೇ ಕಚೇರಿಯಲ್ಲಿ ದೊರೆಯುವುದಿಲ್ಲ. ಈ ಪ್ರದೇಶವು 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯವನ್ನು ಸೇರಿತು. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಹಳೆಯ ಕಾಗದಪತ್ರಗಳಲ್ಲಿ ಜಿಲ್ಲೆಯ ಹೆಸರು ರಾಯಚೂರು ಎಂದೇ ಇರುತ್ತದೆ. ನಿಜಾಮರ ಕಾಲದ ಭೂ ದಾಖಲೆಗಳು ಉರ್ದುವಿನಲ್ಲಿರುವುದೂ ಉಂಟು.

ಜನನವು ನೋಂದಣಿಯಾಗುವುದು ಕುಟುಂಬ ವಾಸವಿರುವ ಊರಿನಲ್ಲಲ್ಲ, ಮಗು ಹುಟ್ಟಿದ ಸ್ಥಳದಲ್ಲಿ. ಹಲವರು ಎಡವುವುದು ಇಲ್ಲಿಯೇ. ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ಮಗು ಗಂಗಾವತಿಯ ಆಸ್ಪತ್ರೆಯಲ್ಲಿ ಜನಿಸಿದ್ದರೆ ಅದರ ದಾಖಲೆಯನ್ನು ಗಂಗಾವತಿಯಲ್ಲಿ ಹುಡುಕಬೇಕು. ಹೆರಿಗೆಗೆ ತವರಿಗೆ ಹೋಗುವ ರೂಢಿಯಿರುವುದರಿಂದ ತಾಯಿಯ ತವರೂರನ್ನೂ ಮರೆಯಬಾರದು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನಗಳೊಳಗೆ ಮಾಹಿತಿ ನೀಡಿದರೆ ನೋಂದಣಿಗೆ ಶುಲ್ಕವಿಲ್ಲ. ಹುಡುಕಿದರೂ ದಾಖಲೆ ಸಿಗದಿದ್ದಲ್ಲಿ ನೋಂದಣಾಧಿಕಾರಿಯಿಂದ ಅಲಭ್ಯತಾ ಪ್ರಮಾಣಪತ್ರವನ್ನು ಪಡೆದು ವಿಳಂಬ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಒಂದು ವರ್ಷ ಮೀರಿದ ಪ್ರಕರಣಗಳಿಗೆ ಮೊದಲು ಪ್ರಥಮ ದರ್ಜೆ ದಂಡಾಧಿಕಾರಿಯ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಈ ಅಧಿಕಾರವು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಹಾಗೂ ಅಧಿಕೃತ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಸೇರಿದೆ.

ಇಂದಿನ ಪಹಣಿಯು ಭೂಮಿ ತಂತ್ರಾಂಶದಲ್ಲಿ ಲಭ್ಯವಿದೆ. ಕೈಬರಹದ ಹಳೆಯ ಪಹಣಿಗಳಿಗೆ ತಹಶೀಲ್ದಾರ್ ಕಚೇರಿಯ ಅಭಿಲೇಖಾಲಯದಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲನ್ನು ಪಡೆಯಬಹುದು. ನಕಲು ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಅವಧಿಯಿದೆ.

ಸಂವಿಧಾನದ 371ಜೆ ವಿಧಿಯಡಿ ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯಿದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳು ನೀಡುವಾಗ ಜನನ ಅಥವಾ ವಾಸದ ಪುರಾವೆಯನ್ನು ಪರಿಶೀಲಿಸುತ್ತಾರೆ. ಪ್ರವೇಶಾತಿಯ ಕೊನೆಯ ದಿನಾಂಕ ಸಮೀಪಿಸಿದಾಗ ಹೊರಟ ವಿದ್ಯಾರ್ಥಿಗೆ ಸಮಯ ಸಾಲುವುದಿಲ್ಲ.