ಬಾಗೇವಾಡಿಯ ಭಂಡಾರಿ ಬೆಳ್ಳಿ ನಾಣ್ಯದ ಮೇಲೆ!

ನೂರು ರೂಪಾಯಿ ನಾಣ್ಯ! ನೋಟಲ್ಲ, ನಾಣ್ಯ! ಅದರ ಮೇಲೆ ನಮ್ಮ ಬಸವಣ್ಣ! 2006ರಲ್ಲಿ ಭಾರತ ಸರ್ಕಾರ ಹೊರತಂದ ಈ ಸ್ಮರಣಾರ್ಥ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡರೆ ಮೊದಲು ಅರಿವಿಗೆ ಬರುವುದು ಅದರ ಭಾರ. ಬರೋಬ್ಬರಿ 35 ಗ್ರಾಂ! ಅಗಲ 44 ಮಿಲಿಮೀಟರ್. ಲೋಕಪ್ರಸಿದ್ಧ ಮಾರ್ಗನ್ ಬೆಳ್ಳಿ ಡಾಲರ್ ಕೂಡ 38.1 ಮಿಲಿಮೀಟರ್, 26.73 ಗ್ರಾಂ ಅಷ್ಟೇ. ನಮ್ಮ ಕಡೆಯ ಅಜ್ಜಿಯರು ಜೋಪಾನ ಮಾಡಿಟ್ಟ ರಾಣಿ ಛಾಪಿನ ರೂಪಾಯಿ 11.66 ಗ್ರಾಂ. ಅಂಥ ಮೂರನ್ನು ತಕ್ಕಡಿಯ ಒಂದು ತಟ್ಟೆಗಿಟ್ಟರೆ ಇನ್ನೊಂದಕ್ಕೆ ಈ ಒಂದೇ ನಾಣ್ಯ ಸಾಕು!

ಒಳಗಿರುವುದು ಬರೀ ಬೆಳ್ಳಿಯಲ್ಲ, ನಾಲ್ಕು ಲೋಹಗಳ ಬೆರಕೆ. ಅರ್ಧ ಬೆಳ್ಳಿ, ಅಂದರೆ 17.5 ಗ್ರಾಂ, ನೂರಕ್ಕೆ 40 ಪಾಲು ತಾಮ್ರ, ನಿಕ್ಕಲ್ 5, ಸತು 5. ಎರಡನೇ ಮಹಾಯುದ್ಧದ ದಿನಗಳಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿದಾಗ ಬಳಸಿದ್ದೂ ಇದೇ ಪಾಕ!

ಒಂದು ಮುಖದಲ್ಲಿ ಅಶೋಕಸ್ತಂಭದ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ, ಬೆಲೆ 100. ಹೊರಳಿಸಿದರೆ ಬಸವಣ್ಣ, ಸುತ್ತಲೂ ಹಿಂದಿ, ಇಂಗ್ಲಿಷಿನಲ್ಲಿ ‘ಮಹಾತ್ಮ ಬಸವೇಶ್ವರ’. ಇನ್ನು ಅಂಚು ನೋಡಿ! ಸುತ್ತಲೂ 200 ಹಲ್ಲುಗಳು, ಒಂದೊಂದಕ್ಕೆ ಸಿಕ್ಕ ಜಾಗ ಮುಕ್ಕಾಲು ಮಿಲಿಮೀಟರೂ ಇಲ್ಲ. ಹಿಂದೆ ಬೆಳ್ಳಿ, ಬಂಗಾರದ ನಾಣ್ಯಗಳ ಅಂಚು ಹೆರೆದು ಕದಿಯುತ್ತಿದ್ದರು. ಆ ಕಳ್ಳರ ಕೈ ಕಟ್ಟಲೆಂದೇ ಇಂಥ ಹಲ್ಲುಗಳ ರೂಢಿ ಬಂತು.

ಮೈ ಜುಮ್ಮೆನ್ನುವುದು ಇಲ್ಲಿಯೇ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಈ ಹುಡುಗ ಮಂಗಳವೇಡೆಯಲ್ಲಿ ಕರಣಿಕನಾಗಿ ಲೆಕ್ಕ ಬರೆದವನು; ಮುಂದೆ ದೊರೆ ಬಿಜ್ಜಳನ ಭಂಡಾರಿಯಾದವನು! ರಾಜ್ಯದ ಹೊನ್ನೆಲ್ಲ ಕೈಯಡಿ ಇದ್ದರೂ ಒಂದು ಕಾಸೂ ತನ್ನದೆನ್ನದವನು. ದುಡಿದದ್ದು ಕೂಡಿಡುವುದಕ್ಕಲ್ಲ, ದಾಸೋಹಕ್ಕೆ ಎಂದವನು. ಎಂಟು ಶತಮಾನ ಕಳೆದ ಮೇಲೆ ಒಂದು ಗಣರಾಜ್ಯದ ಟಂಕಸಾಲೆ ಅವನದೇ ಮುಖವನ್ನು ಲೋಹಕ್ಕೆ ಒತ್ತಿತು!

ಬೆಳ್ಳಿಯದು ಸಂಗ್ರಹಕಾರರ ಪೆಟ್ಟಿಗೆ ಸೇರಿತು, ನಿಜ. ಆದರೆ ಅದೇ ವರ್ಷ ಅದರ ಜೊತೆಗೇ ಐದು ರೂಪಾಯಿಯ ಬಸವೇಶ್ವರ ನಾಣ್ಯವೂ ಬಂತಲ್ಲ! ಅದು ಚಲಾವಣೆಗೆ ಬಂದದ್ದು. ಇಂಡಿಯ ನಿಂಬೆ ವ್ಯಾಪಾರಿ, ಸಿಂದಗಿಯ ಸಂತೆಯ ಕಾಯಿಪಲ್ಲೆಯವ್ವ, ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರ್, ಯಾರ ಚಿಲ್ಲರೆಗೆ ಬೇಕಾದರೂ ಸೇರಬಲ್ಲ ನಾಣ್ಯ. ಕೂಡಿಡುವವರಿಗೆ ನೂರರದು, ದುಡಿಯುವವರಿಗೆ ಐದರದು. ಈ ಎರಡರಲ್ಲಿ ಭಂಡಾರಿ ಬಸವಣ್ಣನಿಗೆ ಒಪ್ಪುವುದು ಕೈಯಿಂದ ಕೈಗೆ ಹೋಗುವ ಆ ಐದು ರೂಪಾಯಿಯೇ!