ಕೊನೆ ದಿನಾಂಕ ಇದ್ದ ಕಾನೂನು



ನಮ್ಮ ಸಂಘದಲ್ಲಿ ಒಂದು ಠರಾವು ಮಾಡ್ತೀವಿ ಅಂತ ಇಟ್ಟುಕೊಳ್ಳಿ: "ತುರ್ತು ಇರುವುದರಿಂದ ಆರು ತಿಂಗಳ ಮಟ್ಟಿಗೆ ಪ್ರತಿನಿಧಿ ಒಬ್ಬರೇ ಸಹಿ ಹಾಕಿ ಹಣ ತೆಗೆಯಬಹುದು." ಆರು ತಿಂಗಳಾದ ಮೇಲೆ ಏನು ಮಾಡಬೇಕು? ಪುಸ್ತಕ ತೆರೆಸಿ, ಲೆಕ್ಕ ನೋಡಿ, ಬೇಕಿದ್ದರೆ ಮಾತ್ರ ಮುಂದುವರಿಸಬೇಕು. ಪುಸ್ತಕ ತೆರೆಯದೆ "ಆಯ್ತಮ್ಮ, ಮುಂದುವರಿಸಿ" ಅಂದುಬಿಟ್ಟರೆ? ನಮ್ಮ ಸಂಸತ್ತಿನಲ್ಲೂ ಹೀಗೇ ಆಯಿತು.

1985ರ ಮೇ ತಿಂಗಳಲ್ಲಿ, ಪಂಜಾಬಿನ ಹಿಂಸೆಯ ಕಾಲದಲ್ಲಿ, 'ಟಾಡಾ' ಎಂಬ ಭಯೋತ್ಪಾದನೆ ತಡೆ ಕಾಯ್ದೆ ಬಂತು. ಬಹಳ ಕಠಿಣ ಕಾನೂನು, ಆದ್ದರಿಂದಲೇ ಎರಡು ವರ್ಷ ಮಾತ್ರ ಅಂದರು. ಸಾಮಾನ್ಯವಾಗಿ ಪೊಲೀಸರ ಮುಂದೆ ಆರೋಪಿ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷಿ ಅಂತ ಒಪ್ಪುವುದಿಲ್ಲ. ಹೊಡೆದು ಬಡಿದು ಹೇಳಿಸಿರಬಹುದಲ್ವಾ! ಆದರೆ ಟಾಡಾದಲ್ಲಿ ದೊಡ್ಡ ಪೊಲೀಸ್ ಅಧಿಕಾರಿ ಬರೆದುಕೊಂಡರೆ ಅದೂ ಸಾಕ್ಷಿಯೇ. ಆರೋಪಪಟ್ಟಿ ಹಾಕದೆ ಒಂದು ವರ್ಷದ ತನಕ ಒಳಗಿಡಬಹುದಿತ್ತು. ಜಾಮೀನು ಸಿಗುವುದು ದುರ್ಲಭ.

1987ರಲ್ಲಿ ಕಾಯ್ದೆಯನ್ನು ಹೊಸದಾಗಿ ತಂದರು, ಮತ್ತೆ ಎರಡು ವರ್ಷಕ್ಕೆ. 1989, 1991, 1993ರಲ್ಲಿ ಎರಡೆರಡು ವರ್ಷ ಮುಂದಕ್ಕೆ ಹಾಕುತ್ತಾ ಹೋದರು. ಪಂಜಾಬಿಗೆ ಅಂತ ಬಂದದ್ದು ಅಂಥ ಹಿಂಸೆಯೇ ಇಲ್ಲದ ಗುಜರಾತಿನಲ್ಲಿ ಸಾವಿರಾರು ಜನರ ಮೇಲೆ ಬಿತ್ತು. 1994ರ ಮಧ್ಯದ ಹೊತ್ತಿಗೆ ದೇಶದಲ್ಲಿ ಬಂಧಿತರ ಸಂಖ್ಯೆ 76 ಸಾವಿರ ದಾಟಿತ್ತು. ಅಪರಾಧ ಸಾಬೀತಾದದ್ದು ನೂರಕ್ಕೆ ಒಬ್ಬಿಬ್ಬರ ಮೇಲೆ.

1995ರಲ್ಲಿ ಪುಸ್ತಕ ತೆರೆಸಿದವರು ಸಿಕ್ಕಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರ ಅವರು, ಇದನ್ನು ಮುಂದುವರಿಸಬೇಡಿ ಅಂತ ಸಂಸದರಿಗೆಲ್ಲ ಪತ್ರ ಬರೆದರು. ಆ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿಯಿತು.

ಮುಗಿಯಿತು ಅಂದರೆ ಒಳಗಿದ್ದವರು ಮನೆಗೆ ಬಂದರು ಅಂದುಕೊಳ್ಳಬೇಡಿ. ಹಳೇ ಕೇಸುಗಳು ಹಾಗೇ ನಡೆಯುತ್ತವೆ ಅಂತ ಕಾಯ್ದೆಯಲ್ಲೇ ಬರೆದಿತ್ತು. ಇದರ ಬಿಸಿ ತಾಗಿದ್ದು ನಮ್ಮ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಗೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಘೋರ ಕೃತ್ಯ, ಎರಡು ಮಾತಿಲ್ಲ. ಆದರೆ ಅವನಿಗೆ ಅಕ್ಕಿ ಬೇಳೆ ಕೊಟ್ಟರು, ಸುಳಿವು ಕೊಟ್ಟರು ಅಂತ ಕೂಲಿಕಾರರನ್ನೂ ಹೆಂಗಸರನ್ನೂ ಟಾಡಾದಡಿ ಮೈಸೂರು ಜೈಲಿಗೆ ಹಾಕಿದರು. ಕಾಯ್ದೆ ಸತ್ತು ಆರು ವರ್ಷವಾದ ಮೇಲೆ, 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿತು. ವಿಚಾರಣೆ ಎದುರಿಸಿದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ನಿರ್ದೋಷಿಗಳು! ಎಷ್ಟೋ ಜನ ಅಷ್ಟರಲ್ಲಿ ಏಳೆಂಟು ವರ್ಷ ಜೈಲಲ್ಲಿ ಕಳೆದಾಗಿತ್ತು. ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋದ ತಾಯಿ ವಾಪಸ್ಸು ಬರುವಾಗ ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗಿರುತ್ತೆ, ಲೆಕ್ಕ ಹಾಕಿ ನೋಡಿ. ವೀರಪ್ಪನ್ ಕಾರ್ಯಾಚರಣೆಯಲ್ಲಿ ಹಿಂಸೆಗೊಳಗಾದ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ಪರಿಹಾರ ಕೊಡಿ ಅಂತ ಮಾನವ ಹಕ್ಕುಗಳ ಆಯೋಗ ಹೇಳಿದ್ದು 2007ರಲ್ಲಿ.

"ಹಾಗಾದ್ರೆ ಬಾಂಬ್ ಇಡೋರನ್ನ ಸುಮ್ನೆ ಬಿಡಬೇಕಾ?" ಅಂತ ಕೇಳುತ್ತೀರಿ. ಖಂಡಿತ ಬೇಡ. ಕೊಲೆಗೆ, ಸ್ಫೋಟಕ್ಕೆ ಶಿಕ್ಷೆ ಕೊಡುವ ಕಾನೂನು ಮೊದಲಿಂದಲೂ ಇದೆ. ವಿಶೇಷ ಅಧಿಕಾರ ಕೊಟ್ಟ ಮೇಲೆ ಅದನ್ನು ಯಾರ ಮೇಲೆ ಬಳಸಿದಿರಿ ಅಂತ ಕೇಳುವ ದಿನ ಒಂದು ಇರಬೇಕು ಅನ್ನುವುದಷ್ಟೇ ನಮ್ಮ ಮಾತು.

2002ರಲ್ಲಿ ಬಂದ 'ಪೋಟಾ'ಕ್ಕೂ ಮೂರು ವರ್ಷದ ಗಡುವು ಇತ್ತು. ಗಡುವಿಗೆ ಮುಂಚೆಯೇ, 2004ರಲ್ಲಿ ಅದನ್ನು ರದ್ದು ಮಾಡಿದರು. ಅದೇ ವರ್ಷ ಅದರ ಹಲವು ಅಂಶಗಳನ್ನು 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯೊಳಗೆ ಸೇರಿಸಿದರು. 'ಯುಎಪಿಎ' ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದೇ. 2008ರಲ್ಲಿ ಜಾಮೀನು ಇನ್ನೂ ಬಿಗಿಯಾಯಿತು. ಈ ಕಾಯ್ದೆಗೆ ಕೊನೆ ದಿನಾಂಕವೇ ಇಲ್ಲ. ಎರಡು ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬಂದು, "ಮುಂದುವರಿಸೋಣವಾ?" ಅಂತ ಸರ್ಕಾರ ಕೇಳಬೇಕಾಗಿಲ್ಲ.

ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ನಿರ್ದೇಶಕರಾಗಿದ್ದು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ದುಡಿದ ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರ್‌ನಲ್ಲಿ ಬಂಧಿಸಿದ್ದು ಇದೇ ಕಾಯ್ದೆಯಡಿ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ನೀರು ಕುಡಿಯಲು ಒಂದು ಸ್ಟ್ರಾ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ವಿಶೇಷ ನ್ಯಾಯಾಲಯ ಜಾಮೀನು ಕೊಡಲಿಲ್ಲ. 2021ರ ಜುಲೈ 5ರಂದು ಮುಂಬೈ ಹೈಕೋರ್ಟಿನಲ್ಲಿ ಅವರ ಜಾಮೀನು ವಿಚಾರಣೆಗೆ ಬಂದಾಗ, ಅವರು ತೀರಿಕೊಂಡರು ಅಂತ ಆಸ್ಪತ್ರೆಯ ವೈದ್ಯರು ನ್ಯಾಯಾಧೀಶರಿಗೆ ತಿಳಿಸಿದರು. ಅವರಿಗೆ 84 ವರ್ಷ. ವಿಚಾರಣೆ ಶುರುವೇ ಆಗಿರಲಿಲ್ಲ.